ಎಡಗಡೆಯ ಸ್ಪೀಕರ್

ಜೂನ್ ೨

ಗುಬ್ಬೀ,

ನಾನಿಲ್ಲಿ ಚೆನ್ನಾಗಿದೀನಿ, ನೀವಿಬ್ಬರೂ ಅಲ್ಲಿ ಚೆನ್ನಾಗಿದೀರಿ ಅಂತ ಮೊದಲೇ ಬರೆದುಬಿಡ್ತೀನಿ. ವಿಷಯಕ್ಕೆ ಬಂದ್ಮೇಲೆ ಮರೆತುಹೋಗುತ್ತೆ.

ನಮ್ಮ ಡಿಪೋದಲ್ಲಿ ಬ್ರೇಕ್ ನೋಡ್ತಿದ್ದ ಹಿರಿಯ ಮೆಕ್ಯಾನಿಕ್ ಒಬ್ಬರಿದ್ರಲ್ಲ, ಬಸ್ಸುಗಳ ಹೊಟ್ಟೆ ಕೆಳಗೆ ಮಲಗೇ ಅರ್ಧ ಆಯಸ್ಸು ಕಳೆದವರು, ಅವರು ನಿವೃತ್ತರಾಗಿ ಮಗಳ ಮನೆಗೆ ಹೊರಟ್ರು. ಹೋಗುವಾಗ ಎರಡು ಸ್ಪೀಕರ್ ನನ್ನ ಕೈಗಿಟ್ರು. ಮರದ ಡಬ್ಬ, ನನ್ನ ಮೊಣಕಾಲೆತ್ತರ ಇದಾವೆ. ಟಿವಿಗೆ ಜೋಡಿಸೋಣ ಅಂದ್ರೆ ಮಧ್ಯೆ ಒಂದು ರಿಸೀವರ್ ಬೇಕಂತೆ. ಅಂಗಡಿಗೆ ಹೋದೆ. ಅಲ್ಲಿಯವನು ಐದು ಸ್ಪೀಕರಿನದು, ಏಳು ಸ್ಪೀಕರಿನದು ಅಂತ ಒಂದೊಂದೇ ಇಳಿಸಿ ತೋರಿಸಿದ. "ಏಳು ಯಾಕಪ್ಪಾ, ದೇವರು ಕೊಟ್ಟಿರೋದೇ ಎರಡು ಕಿವಿ" ಅಂದೆ. ಅವನಿಗೆ ನಗು ಬರಲಿಲ್ಲ.

ಸಭಾಂಗಣಗಳಿಗೆಲ್ಲ ಮೈಕು, ಸ್ಪೀಕರ್ ಜೋಡಿಸೋನು ನೀನು. ಯಾವುದು ತಗೋಬೇಕು ಅಂತ ಬಿಡಿಸಿ ಬರೆ. ಫೋನ್ ಮಾಡಬೇಡ, ಈ ಲೆಕ್ಕಾಚಾರ ಎಲ್ಲ ಬಾಯಲ್ಲಿ ಹೇಳಿದ್ರೆ ನನ್ನ ತಲೆಗೆ ಹೋಗಲ್ಲ. ಕಾಗದದಲ್ಲಿ ಇದ್ರೆ ಎರಡೆರಡು ಸಲ ಓದ್ಕೋಬಹುದು.

ಈಗೀಗ ಟಿವಿಯಲ್ಲಿ ಎಲ್ಲರೂ ಬಾಯೊಳಗೇ ಗೊಣಗ್ತಾರೆ, ಗಮನಿಸಿದೀಯಾ?

ನಿನ್ನ ಅಕ್ಕ


ಜೂನ್ ೯

ಅಕ್ಕಾ,

ನಿನ್ನ ಕಾಗದ ನೋಡಿ ಇವಳು "ನಿಮ್ಮಕ್ಕ ಯಾವ ಕಾಲದಲ್ಲಿದಾರೆ" ಅಂತ ನಕ್ಕಳು. ನನಗೆ ನಗು ಬರಲಿಲ್ಲ. ಒಂದೂವರೆ ತಿಂಗಳಿಂದ ನೀನು ನನ್ನ ಫೋನ್ ಎತ್ತೋದೇ ಅಪರೂಪ. ಎತ್ತಿದ ಒಂದೆರಡು ಸಲವೂ ಏನು ಕೇಳಿದ್ರೂ "ಹೂಂ, ಹೂಂ" ಅಂದು ಇಟ್ಟುಬಿಟ್ಟೆ. ನೀನು ಮನೆ ಬದಲಾಯಿಸುವಾಗ ನಾನು ಬರಲಿಲ್ಲ ಅಂತ ಸಿಟ್ಟು ತಾನೇ? ಇವಳಿಗೆ ಈಗ ಐದು ತಿಂಗಳು. ಹೋದ ಸಲ ಬಸಿರು ಕೈಜಾರಿ ಹೋಯ್ತಲ್ಲ, ಅದಕ್ಕೆ ಡಾಕ್ಟರು ಮಂಚ ಬಿಟ್ಟು ಇಳೀಬೇಡಿ ಅಂದಿದಾರೆ. ಬಿಟ್ಟು ಬರೋಕೆ ಧೈರ್ಯ ಸಾಲಲಿಲ್ಲ.

ಇರಲಿ, ರಿಸೀವರ್ ವಿಷಯ. ಡಬ್ಬಗಳ ಹಿಂದೆ ಒಂದು ಚೀಟಿ ಅಂಟಿಸಿರ್ತಾರೆ, ಅದರಲ್ಲಿ ಎಷ್ಟು ಓಮ್ಸ್, ಅಂದ್ರೆ ಕರೆಂಟಿಗೆ ಎಷ್ಟು ತಡೆ, ಅಂತ ಇರುತ್ತೆ. ಎಂಟು ಅಂತಿದ್ರೆ ಯಾವ ರಿಸೀವರ್ ಆದ್ರೂ ಎಳೆಯುತ್ತೆ. ನಾಲ್ಕು ಅಂತಿದ್ರೆ ಅಂಗಡಿಯಲ್ಲಿ ಕೇಳಿಯೇ ತಗೋ, ಇಲ್ಲದಿದ್ರೆ ಬಿಸಿಯಾಗಿ ತಾನೇ ಆಫ್ ಆಗುತ್ತೆ. ನಿನಗೆ ಎರಡು ಸ್ಪೀಕರಿನ ಸ್ಟೀರಿಯೊ ರಿಸೀವರ್ ಸಾಕು. ಮುಂದೆ ಯಾವತ್ತಾದ್ರೂ ಹಿಂದಕ್ಕೆರಡು ನಡುವಿಗೊಂದು ಸ್ಪೀಕರ್ ಸೇರಿಸೋ ಆಸೆ ಇದ್ರೆ ಮಾತ್ರ ಐದರದ್ದು. ಮೇಲೆ ದೊಡ್ಡದಾಗಿ ಬರೆದಿರೋ ವ್ಯಾಟ್ ಸಂಖ್ಯೆಗೆ ಮರುಳಾಗಬೇಡ, ಅದು ಮದುವೆ ಗಂಡಿನ ಸಂಬಳ ಇದ್ದ ಹಾಗೆ, ಸ್ವಲ್ಪ ಏರಿಸಿಯೇ ಹೇಳಿರ್ತಾರೆ. ಟಿವಿಯಿಂದ ಒಂದೇ ಎಚ್‌ಡಿಎಂಐ ವೈರಿನಲ್ಲಿ ಸದ್ದು ವಾಪಸ್ ಬರೋ ಕಿಂಡಿ ಇದೆಯಾ ಅಂತ ಕೇಳು.

ವೈರು ಸಿಕ್ಕಿಸುವಾಗ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ನೀನು ಕೂರೋ ಕುರ್ಚಿಗೂ ಡಬ್ಬಕ್ಕೂ ಎಷ್ಟು ದೂರವೋ, ಎರಡು ಡಬ್ಬಗಳ ಮಧ್ಯೆಯೂ ಹೆಚ್ಚುಕಮ್ಮಿ ಅಷ್ಟೇ ದೂರ ಬಿಡು. ಆಗ ಮಾತು ನಟ್ಟನಡುವೆ ನಿಂತು ಕೇಳಿಸುತ್ತೆ.

ಸಿಟ್ಟು ಬಿಡು ಅಕ್ಕಾ.

ಗುಬ್ಬಿ


ಜೂನ್ ೨೧

ಗುಬ್ಬೀ,

ಸಿಟ್ಟೂ ಇಲ್ಲ, ಸೆಡವೂ ಇಲ್ಲ. ಅವಳನ್ನು ಬಿಟ್ಟು ಬಂದಿದ್ರೆ ಆಗ ಸಿಟ್ಟು ಮಾಡ್ಕೋತಿದ್ದೆ. ಅವಳಿಗೆ ಈ ಬಾರಿ ಏನೂ ಆಗಲ್ಲ ನೋಡು.

ಚೀಟಿಯಲ್ಲಿ ಎಂಟು ಅಂತಲೇ ಇತ್ತು. ನೀನು ಹೇಳಿದ ಹಾಗೆ ಎರಡರದ್ದೇ ರಿಸೀವರ್ ತಂದೆ. ಮೆಟ್ಟಿಲು ಹತ್ತಿಸೋ ಅಷ್ಟರಲ್ಲಿ ಕಣ್ಣು ಕತ್ತಲೆ ಬಂದು ಗೋಡೆ ಹಿಡ್ಕೊಂಡು ನಿಂತೆ, ಅಷ್ಟು ಭಾರ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು, ಎಲ್ಲ ಮಾಡಿದೆ. ಆದ್ರೆ ಎಡಗಡೆಯ ಸ್ಪೀಕರ್ ಸತ್ತಿದೆ. ಪೂರ್ತಿ ಸತ್ತಿಲ್ಲ, ಬಾವಿಯೊಳಗಿಂದ ಯಾರೋ ಕೂಗಿದ ಹಾಗೆ ಕೇಳಿಸುತ್ತೆ. ಮಾತು ಹಾಡು ಎಲ್ಲ ಬಲಗಡೆಯಿಂದಲೇ. ನಟ್ಟನಡುವೆ ಅಂತ ನೀನು ಬರೆದಿದ್ದೆಯಲ್ಲ, ಅಲ್ಲಿ ಯಾರೂ ನಿಂತಿಲ್ಲ.

ಆ ಅಂಗಡಿಯವನು ಕೆಟ್ಟದ್ದನ್ನೇ ದಾಟಿಸಿರಬೇಕು. ಹೋಗಿ ಜಗಳ ಮಾಡೋಣ ಅಂದ್ರೆ ಈ ವಾರ ಬಿಡುವಿಲ್ಲ. ಡಿಪೋ ಗೇಟಿನ ಕಂಬಕ್ಕೆ ಬಸ್ಸಿನ ಎಡ ಮೂಲೆ ತಾಗಿಸಿಬಿಟ್ಟೆ, ಅದರ ವಿಚಾರಣೆ ಬೇರೆ. ಕನ್ನಡಿ ಓರೆಯಾಗಿತ್ತು ಅಂತ ಹೇಳಿದೀನಿ. ಇಷ್ಟು ವರ್ಷದಲ್ಲಿ ಒಂದು ಗೀರು ಬೀಳದ ಕೈ ಇದು, ದೃಷ್ಟಿ ತಾಗಿರಬೇಕು.

ಎಡಗಡೆದು ಸರಿ ಮಾಡೋದು ಹೇಗೆ ಬರೆ. ಬೇಗ ಬರೆ.

ಅಕ್ಕ


ಜೂನ್ ೨೮

ಅಕ್ಕಾ,

ಅಂಗಡಿಯವನನ್ನು ಈಗಲೇ ಗಲ್ಲಿಗೇರಿಸಬೇಡ. ತಪ್ಪು ರಿಸೀವರಿನದಾ, ವೈರಿನದಾ, ಡಬ್ಬದ್ದಾ ಅಂತ ಹಿಡಿಯೋದು ಸುಲಭ.

ಮೊದಲು ರಿಮೋಟಿನಲ್ಲಿ ಬ್ಯಾಲೆನ್ಸ್ ಅಂತ ಇದೆಯಲ್ಲ, ಅದು ಮಧ್ಯದಲ್ಲಿದೆಯಾ ನೋಡು. ಆಮೇಲೆ ರಿಸೀವರಿನ ಹಿಂದೆ ಎಡಗಡೆ ವೈರನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಸಿಕ್ಕಿಸು. ಆಗ ಬಲಗಡೆ ಸತ್ತರೆ ತಪ್ಪು ರಿಸೀವರಿನದು. ಎಡಗಡೆಯೇ ಸತ್ತಿದ್ರೆ ವೈರು ಇಲ್ಲವೇ ಡಬ್ಬ. ಹಾಗಿದ್ರೆ ಡಬ್ಬಗಳನ್ನೇ ಎತ್ತಿ ಅದಲುಬದಲು ಮಾಡು, ವೈರಿನ ಸಮೇತ. ಕೆಟ್ಟ ಡಬ್ಬ ಎಲ್ಲಿಟ್ರೂ ಕೆಟ್ಟದ್ದೇ, ತಾನೇ ತೋರಿಸ್ಕೊಳ್ಳುತ್ತೆ. ಇವುಗಳಲ್ಲಿ ಒಂದು ಆಗಿಯೇ ಆಗಿರಬೇಕು, ನಾಲ್ಕನೇದು ಅಂತ ಇಲ್ಲ.

ಕಣ್ಣು ಕತ್ತಲೆ ಬಂತು ಅಂದ್ಯಲ್ಲ, ಹೊಟ್ಟೆಗೆ ಸರಿಯಾಗಿ ತಿಂತಿದೀಯಾ? ಕಂಬಕ್ಕೆ ತಾಗಿಸಿದ್ದು ಕೇಳಿ ನನಗೆ ನಂಬಿಕೆ ಬರಲಿಲ್ಲ. ಚಿಕ್ಕಂದಿನಲ್ಲಿ ನನ್ನನ್ನ ಸೈಕಲ್ಲಿನ ಹಿಂದೆ ಕೂರಿಸ್ಕೊಂಡು ಎರಡು ಲಾರಿಗಳ ಸಂದಿಯಲ್ಲಿ ನುಗ್ಗಿಸಿದವಳು ನೀನು. ನಾನು ಕಣ್ಣು ಮುಚ್ಕೊಂಡಿದ್ದೆ.

ಗುಬ್ಬಿ


ಜುಲೈ ೭

ಗುಬ್ಬೀ,

ಬ್ಯಾಲೆನ್ಸ್ ನಡುವೆಯೇ ಇದೆ. ವೈರು ಬದಲಾಯಿಸಿದೆ, ಎಡಗಡೆಯೇ ಸತ್ತಿತ್ತು. ಸರಿ, ಡಬ್ಬವೇ ಕೆಟ್ಟಿದೆ ಅಂತ ಎತ್ತಿ ಬಲಕ್ಕಿಟ್ಟೆ. ಇಟ್ಟಿದ್ದೇ ತಡ, ಗಂಟಲು ಬಿಟ್ಟು ಹಾಡೋಕೆ ಶುರುಮಾಡ್ತು. ಇಷ್ಟು ದಿನ ಚೆನ್ನಾಗಿ ಹಾಡ್ತಿದ್ದ ಬಲಗಡೆಯದು ಎಡಕ್ಕೆ ಬಂದ ತಕ್ಷಣ ಬಾವಿಗೆ ಬಿತ್ತು.

ಮತ್ತೆ ಬದಲಾಯಿಸಿದೆ. ಮತ್ತೆ ಹಾಗೇ. ಈ ಮನೆಯ ಎಡಗಡೆ ಗೋಡೆಯಲ್ಲೇ ಏನೋ ಇದೆ, ಸದ್ದನ್ನೆಲ್ಲ ಕುಡಿದುಬಿಡುತ್ತೆ.

ಕೆಳಗಿನ ಮನೆ ಒಡತಿಯನ್ನು ಕರೆದು ಕೇಳಿಸಿದೆ. "ಎರಡೂ ಚೆನ್ನಾಗೇ ಹೊಡ್ಕೊಳ್ತಿವೆಯಲ್ಲಮ್ಮಾ, ಸ್ವಲ್ಪ ಕಮ್ಮಿ ಮಾಡು" ಅಂದ್ರು. ಅವರಿಗೇನು ಗೊತ್ತು.

ಇದನ್ನು ಮಾರಿಬಿಡ್ತೀನಿ. ಇನ್ನು ಇದರ ವಿಷಯ ಬರೀಬೇಡ.

ಅಕ್ಕ


ಜುಲೈ ೧೩

ಅಕ್ಕಾ,

ಇದೊಂದೇ ಸಲ ನಾನು ಹೇಳಿದ್ದು ಕೇಳು. ಕುರ್ಚಿಯನ್ನು ತಿರುಗಿಸು. ಟಿವಿಗೆ ಬೆನ್ನು ಮಾಡಿ ಕೂತು ಹಾಡು ಹಾಕು. ಆಗ ಯಾವ ಕಡೆ ಸತ್ತಿದೆ ಅಂತ ಬರೆ.

ಇನ್ನೊಂದು. ಫೋನನ್ನು ಯಾವ ಕಿವಿಗೆ ಇಟ್ಕೋತಿದ್ದೆ ನೀನು? ಎಡಗಡೆ ತಾನೇ? ಬಲಗೈಯಲ್ಲಿ ಯಾವಾಗಲೂ ಸೌಟೋ ಸ್ಟೀರಿಂಗೋ ಇರುತ್ತೆ ಅಂತ ನೀನೇ ಹೇಳ್ತಿದ್ದೆ.

ನಾಲ್ಕನೇದು ಅಂತ ಇಲ್ಲ ಅಂತ ಬರೆದಿದ್ದೆ. ಈಗ ಹಾಗೆ ಬರೆಯೋಕೆ ಆಗ್ತಿಲ್ಲ. ನಾನು ಅಂದ್ಕೊಂಡಿದ್ದು ಸುಳ್ಳು ಅಂತ ಬೇಗ ಬರೆ ಅಕ್ಕಾ, ಬೈದೇ ಬರೆ.

ಗುಬ್ಬಿ


ಆಗಸ್ಟ್ ೨

ಅಕ್ಕಾ,

ದಿನಾ ಅಂಚೆಯವನ ದಾರಿ ಕಾಯ್ತಿದೀನಿ. ಡಿಪೋಗೆ ಫೋನ್ ಮಾಡಿದೆ. ಎತ್ತಿದವರು "ಅವರು ಗಾಡಿ ಓಡಿಸ್ತಿಲ್ಲ ಈಗ" ಅಂದ್ರು. ಯಾಕೆ ಅಂದ್ರೆ "ಅವರನ್ನೇ ಕೇಳಿ" ಅಂದ್ರು. ಒಂದು ಸಾಲು ಬರೆ. ಬರೀಲಿಲ್ಲ ಅಂದ್ರೆ ಇವಳನ್ನು ಅತ್ತೆ ಮನೆಯಲ್ಲಿ ಬಿಟ್ಟು ಹೊರಟುಬರ್ತೀನಿ.

ಗುಬ್ಬಿ


ಆಗಸ್ಟ್ ೮

ಗುಬ್ಬೀ,

ಬರಬೇಡ. ಅದಕ್ಕೇ ಬರೀತಿದೀನಿ.

ಕುರ್ಚಿ ತಿರುಗಿಸಿ ಕೂತೆ. ಇಷ್ಟು ದಿನ ಹಾಡ್ತಿದ್ದ ಕಡೆ ಸತ್ತುಹೋಯ್ತು, ಸತ್ತಿದ್ದ ಕಡೆ ಹಾಡ್ತು. ಗೋಡೆದಲ್ಲ, ಡಬ್ಬದ್ದಲ್ಲ. ಆ ಸಾವು ನನ್ನ ಜೊತೆಗೇ ತಿರುಗ್ತು.

ನನಗೆ ಮೊದಲೇ ಗೊತ್ತಿತ್ತು ಕಣೋ. ಚಳಿಗಾಲದಿಂದ ಎಡಕಿವಿಯಲ್ಲಿ ಜೀರುಂಡೆ ಕೂಗಿದ ಹಾಗೆ ಒಂದೇ ಸಮನೆ ಸದ್ದು. ಆಮೇಲೆ ಫೋನಿನಲ್ಲಿ ನಿನ್ನ ಮಾತು ಪುಡಿಪುಡಿಯಾಯ್ತು. ಟಿವಿದೇ ತಪ್ಪು ಅಂತ ನನಗೆ ಸಾಬೀತಾಗಬೇಕಿತ್ತು. ಒಳ್ಳೇ ರಿಸೀವರಿನಲ್ಲಿ ಎರಡು ಡಬ್ಬವೂ ಕೇಳಿಸಿಬಿಟ್ರೆ ಕಿವಿ ಸರಿ ಇದೆ ಅಂತ ಆಗುತ್ತಲ್ಲ, ಅದಕ್ಕೇ ತಂದೆ. ನೀನು ಒಂದೊಂದೇ ಬಾಗಿಲು ಮುಚ್ತಾ ಬಂದೆ.

ನಿನ್ನ ಕಾಗದ ಬಂದ ವಾರವೇ ಅದು ನಡೀತು. ಆಸ್ಪತ್ರೆ ಮುಂದಿನ ನಿಲ್ದಾಣ, ಬೆಳಗಿನ ನೂಕುನುಗ್ಗಲು. ಬಾಗಿಲು ಮುಚ್ಚೋ ಗುಂಡಿ ಒತ್ತಿ ಹೊರಟೆ. ಒಬ್ಬ ಹೆಂಗಸಿನ ಕೈ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಅವಳು ಹೊರಗೆ, ಕೈ ಒಳಗೆ. ಬಸ್ಸಿನ ಜೊತೆಗೇ ಓಡ್ತಿದ್ಲು, ಕಿರುಚ್ತಿದ್ಲು. ಬಸ್ಸಿಗೆ ಬಸ್ಸೇ ಕೂಗ್ತಿತ್ತು. ಎಡಗಡೆಯಿಂದ ನನಗೆ ಬಂದಿದ್ದು ಬರೀ ಗುಂಯ್ ಅನ್ನೋ ಸದ್ದು. ಇಂಜಿನ್ನಿನದು ಅಂದ್ಕೊಂಡೆ. ಒಬ್ಬ ಮುದುಕರು ಬಂದು ಭುಜಕ್ಕೆ ಗುದ್ದಿದ್ರು. "ಕಿವುಡಿಯೇನಮ್ಮಾ ನೀನು?"

ಅವರು ಬೈದಿದ್ದು. ನನಗೆ ಮಾತ್ರ ಅದು ನಿಜ ಅಂತ ಆಣೆ ಇಟ್ಟು ಹೇಳಿದ ಹಾಗೆ ಕೇಳಿಸ್ತು.

ಮಣಿಕಟ್ಟು ಊದಿತ್ತು, ಮೂಳೆ ಮುರಿದಿರಲಿಲ್ಲ. ಅವಳು ಫುಟ್‌ಪಾತಿನ ಮೇಲೆ ಕೂತು ನನ್ನನ್ನೇ ನೋಡ್ತಿದ್ಲು. ಡಿಪೋಗೆ ಹೋಗಿ ಮೇಲ್ವಿಚಾರಕರ ಮೇಜಿನ ಮೇಲೆ ನಾನೇ ಕೀಲಿ ಇಟ್ಟೆ. ಮಾರನೇ ದಿನ ಆಸ್ಪತ್ರೆ. ದೊಡ್ಡ ಕೊಳವೆಯೊಳಗೆ ಮಲಗಿಸಿ ತಲೆಯ ಚಿತ್ರ ತೆಗೆದ್ರು. ಕಿವಿಯ ನರದ ಮೇಲೆ ದ್ರಾಕ್ಷಿ ಗಾತ್ರದ ಗೆಡ್ಡೆ ಇದೆ. ಕ್ಯಾನ್ಸರ್ ಅಲ್ಲ ಅಂದ್ರು ಡಾಕ್ಟರಮ್ಮ. ಆದ್ರೆ ಮೆದುಳಿನ ಕಡೆ ಬೆಳೀತಿದೆ, ಬಿಡೋ ಹಾಗಿಲ್ಲ, ತಲೆಬುರುಡೆ ತೆರೆದು ತೆಗೀಬೇಕು. ಆ ಕಿವಿ ವಾಪಸ್ ಬರಲ್ಲ. ಮುಖ ಅರ್ಧ ಜೋತುಬೀಳಬಹುದು.

ನಾನು ಒಪ್ಪಿಲ್ಲ. ಹೀಗೇ ಇರ್ತೀನಿ. ನೀವೆಲ್ಲ ನನ್ನನ್ನ ಹುಲಿ ಅಂತೀರಿ. ಹುಲಿಗೆ ಮೂರು ವಾರದಿಂದ ಅನ್ನ ಇಳೀತಿಲ್ಲ. ತಲೆ ಬಾಚೋಕೂ ಭಯ, ಬಾಚಣಿಗೆ ಆ ಕಡೆ ತಾಗಿದ್ರೆ ಒಳಗಿರೋದು ಎಚ್ಚರಾಗುತ್ತೇನೋ ಅಂತ. ಅವಳಿಗೆ ಹೇಳಬೇಡ, ಹೊಟ್ಟೆಯಲ್ಲಿ ಕೂಸಿದೆ.

ಅಕ್ಕ


ಆಗಸ್ಟ್ ೧೪

ಅಕ್ಕಾ,

ಧೈರ್ಯ ಹೇಳಿ ಬರೆಯೋಣ ಅಂತ ಕೂತೆ, ಬರಲಿಲ್ಲ. ನಮ್ಮಿಬ್ಬರ ಧೈರ್ಯವೂ ನಿನ್ನ ಹತ್ತಿರವೇ ಇತ್ತು. ನಾನು ಬೇರೆ ಇಟ್ಕೊಂಡಿರಲಿಲ್ಲ.

ನೀನು ತಲೆ ಬಾಚೋದಿಲ್ಲ ಅಂತ ಓದಿದ್ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಕೊಂಡು ಅತ್ತೆ. ಇವಳು ಮಂಚದಿಂದಲೇ "ಅಷ್ಟು ಹೊತ್ತು ಯಾರು ಮುಖ ತೊಳೀತಾರೆ?" ಅಂತ ಕೂಗಿದಳು. ಕಾಗದ ಕಿತ್ಕೊಂಡು ಓದಿಬಿಟ್ಟಳು. ತಪ್ಪಾಯ್ತು. ಅವಳೇ ಬರೀತಾಳಂತೆ, ತಗೋ:

ಅತ್ತಿಗೆ, ನಾನು ಬಸುರಿ, ಗಾಜಿನ ಗೊಂಬೆ ಅಲ್ಲ. ನನ್ನಿಂದ ಮುಚ್ಚಿಟ್ಟಿದ್ದಕ್ಕೆ ನಿಮ್ಮ ಮೇಲೆ ಕೋಪ ಇದೆ. ಹೋದ ಸಲ ಕೂಸು ಹೋದಾಗ ನಾನು ಗೋಡೆಗೆ ಮುಖ ಮಾಡಿ ಮಲಗಿದ್ದೆ. ನೀವು ಬಂದು ಪಕ್ಕದಲ್ಲಿ ಕೂತ್ರಿ. "ಹೆದರ್ಕೊಂಡೇ ಎದ್ದೇಳು, ಹೆದರಿಕೆ ಹೋಗಲಿ ಅಂತ ಕಾದ್ರೆ ಮಂಚಕ್ಕೇ ಬೇರು ಬಿಡ್ತೀಯ" ಅಂದ್ರಿ. ನಾನು ಎದ್ದೆ. ಈಗ ನೀವು ಏಳಿ. ಹುಟ್ಟೋ ಕೂಸಿಗೆ ಸೋದರತ್ತೆ ಬೇಕು. ಮುಖ ಓರೆ ಇದ್ರೂ ನಡೆಯುತ್ತೆ, ನಮ್ಮ ಮನೆಯಲ್ಲಿ ಸುಂದರಿಯರು ಯಾರಿದಾರೆ?

ಅವಳು ಬರೆದಿದ್ದಕ್ಕೆ ನಾನು ಸೇರಿಸೋದು ಏನೂ ಇಲ್ಲ. ದಿನ ಗೊತ್ತು ಮಾಡು. ನಾನು ಬರ್ತೀನಿ.

ಗುಬ್ಬಿ


ಆಗಸ್ಟ್ ೨೪

ಗುಬ್ಬೀ,

ಸೆಪ್ಟೆಂಬರ್ ಮೂರಕ್ಕೆ. ಸಹಿ ಹಾಕಿ ಬಂದೆ. ನನ್ನ ಸಹಿ ನನಗೇ ಗುರುತು ಸಿಗಲಿಲ್ಲ.

ಕಿವಿ ಹಿಂದೆ ಒಂದು ಅಂಗೈ ಅಗಲ ಕೂದಲು ತೆಗೀತಾರಂತೆ. ಅದನ್ನು ಹೇಳಿದ ನರ್ಸು, ನನಗೊಬ್ಬಳು ಮೊಮ್ಮಗಳು ಇದ್ದಿದ್ರೆ ಅವಳ ವಯಸ್ಸಿನವಳ ಹಾಗೆ ಕಂಡಳು. ಎಲ್ಲರೂ ಈಗ ಹಾಗೇ ಕಾಣ್ತಾರೆ, ನಾನೊಬ್ಬಳು ಮುದುಕಿ, ಲೋಕವೆಲ್ಲ ಮಕ್ಕಳು. ಮನೆ ಒಡತಿ ಜೊತೆಗೆ ಇರ್ತೀನಿ ಅಂದಿದಾರೆ. ಆದ್ರೂ ಬಾ. ಬರಬೇಡ ಅಂತ ಎರಡು ಸಲ ಬರೆದು ಎರಡು ಸಲವೂ ಹೊಡೆದುಹಾಕಿದೆ. ಒಳಗೆ ಕರ್ಕೊಂಡು ಹೋಗೋವರೆಗೆ ಬಲಗಡೆ ನಿಂತಿರು, ಸಾಕು. ಆ ಕಡೆ ನಿಂತ್ರೆ ನೀನು ಮಾತಾಡಿದ್ದು ಕೇಳಿಸುತ್ತೆ.

ಅಕ್ಕ


ಆಗಸ್ಟ್ ೩೧

ಅಕ್ಕಾ,

ಬರೋಕೆ ಆಗ್ತಿಲ್ಲ. ರಜೆ ಸಿಗಲಿಲ್ಲ. ಇಲ್ಲಿ ಎಲ್ಲ ಆರಾಮ. ಇವಳೂ ಹೊಟ್ಟೆಯಲ್ಲಿರೋ ಕೂಸೂ ಚೆನ್ನಾಗಿದಾರೆ. ನೀನು ಧೈರ್ಯವಾಗಿ ಹೋಗಿ ಬಾ.

ಗುಬ್ಬಿ


ಸೆಪ್ಟೆಂಬರ್ ೧೨

ಅಕ್ಕಾ,

ಆಪರೇಷನ್ ಆಯ್ತು, ಕಣ್ಣು ಬಿಟ್ಟಿದಾರೆ ಅಂತ ಮನೆ ಒಡತಿ ಫೋನ್ ಮಾಡಿದ್ರು. ಆವತ್ತು ನಾನು ಆಸ್ಪತ್ರೆಯಲ್ಲೇ ಇದ್ದೆ, ಇಲ್ಲಿಯ ಆಸ್ಪತ್ರೆಯಲ್ಲಿ. ಅವರ ಮಾತು ಕೇಳಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಹೋದ ಕಾಗದದಲ್ಲಿ ಬರೆದಿದ್ದೆಲ್ಲ ಸುಳ್ಳು. ರಜೆ ಸಿಕ್ಕಿತ್ತು, ಟಿಕೆಟ್ ಕೂಡ ಜೇಬಿನಲ್ಲಿತ್ತು. ಹೊರಡೋ ದಿನ ಇವಳಿಗೆ ರಕ್ತ ಹೋಗೋಕೆ ಶುರುವಾಯ್ತು. ಆ ಕಾಗದ ಬರೆದಾಗ ಅವಳು ಒಳಗಿದ್ದಳು, ಇಬ್ಬರಲ್ಲಿ ಯಾರು ಉಳೀತಾರೆ ಅಂತ ಹೇಳೋಕಾಗಲ್ಲ ಅಂದಿದ್ರು. ನಿನಗೆ ನಿಜ ಬರೆದ್ರೆ ನೀನು ಆಪರೇಷನ್ ಮೇಜಿನ ಮೇಲಿಂದ ಎದ್ದು ಬಸ್ ಹತ್ತೋಳು ಅಂತ ಗೊತ್ತಿತ್ತು. ನೀನು ಮುಚ್ಚಿಟ್ಟಿದ್ದಕ್ಕೆ ಅಷ್ಟು ಗೋಳಾಡಿ, ನಾನೂ ಅದನ್ನೇ ಮಾಡಿದೆ.

ಇಬ್ಬರೂ ಉಳಿದ್ರು ಅಕ್ಕಾ. ಹೆಣ್ಣು ಕೂಸು. ತಿಂಗಳು ತುಂಬೋಕೆ ಮೊದಲೇ ಬಂದಳು, ನನ್ನ ಅಂಗೈಯಲ್ಲಿ ಹಿಡಿಸೋ ಅಷ್ಟಿದಾಳೆ. ಗಾಜಿನ ಪೆಟ್ಟಿಗೆಯಲ್ಲಿಟ್ಟಿದಾರೆ. ಇನ್ನೂ ಅತ್ತಿಲ್ಲ. ಒಮ್ಮೆ ಗಟ್ಟಿಯಾಗಿ ಅತ್ತುಬಿಟ್ರೆ ಸಾಕು ಅಂತ ಗಾಜಿಗೆ ಮುಖ ಒತ್ಕೊಂಡು ನಿಂತಿರ್ತೀನಿ.

ಗುಬ್ಬಿ


ಅಕ್ಟೋಬರ್ ೫

ಗುಬ್ಬೀ,

ಅಕ್ಷರ ಸೊಟ್ಟಗಿದೆ, ಓದ್ಕೋ. ತಲೆ ಬಗ್ಗಿಸಿದ್ರೆ ಕೋಣೆ ಇಡೀ ತೂಗುತ್ತೆ.

ರಜೆ ಸಿಗಲಿಲ್ಲ ಅನ್ನೋ ಕಾಗದ ಓದಿ, ನೀನು ಹೆದರಿ ತಪ್ಪಿಸ್ಕೊಂಡೆ ಅಂದ್ಕೊಂಡೆ. ಎಂಥಾ ಸಿಟ್ಟು ಬಂತು ಅಂದ್ರೆ, ಆ ಸಿಟ್ಟಿನಲ್ಲೇ ಒಳಗೆ ಹೋದೆ. ಮೂಗಿಗೆ ಮುಚ್ಚಳ ಇಡುವಾಗಲೂ ನಿನ್ನನ್ನ ಬೈತಿದ್ದೆ. ಒಳ್ಳೇದೇ ಆಯ್ತು, ಹೆದರೋಕೆ ಜಾಗ ಉಳೀಲಿಲ್ಲ.

ಗೆಡ್ಡೆ ಪೂರ್ತಿ ಬಂತು. ಎಡಕಿವಿ ಪೂರ್ತಿ ಹೋಯ್ತು. ಎಡಗಣ್ಣು ಮುಚ್ಚಲ್ಲ, ಮಲಗುವಾಗ ಪಟ್ಟಿ ಅಂಟಿಸಬೇಕು. ಕನ್ನಡಿ ಮೇಲೆ ಟವೆಲ್ ಹಾಕಿದೀನಿ. ಮುಖ ನಿಧಾನಕ್ಕೆ ಸರಿಹೋಗಬಹುದು ಅಂದ ಡಾಕ್ಟರಮ್ಮ, ಎಷ್ಟು ನಿಧಾನ ಅಂದ್ರೆ ಮುಂದಿನವರನ್ನ ಕರೀತಾರೆ. ಇನ್ನು ಪ್ರಯಾಣಿಕರ ಬಸ್ ಓಡಿಸೋ ಹಾಗಿಲ್ಲ. ಹೊಸ ಡ್ರೈವರುಗಳಿಗೆ ಪಾಠ ಹೇಳೋ ಕೆಲಸ ಇದೆ, ಯೋಚನೆ ಮಾಡಿ ಅಂದಿದಾರೆ.

ಅತ್ತಳಾ? ಅದನ್ನೊಂದು ಬರೆ.

ಅಕ್ಕ


ಅಕ್ಟೋಬರ್ ೧೨

ಅಕ್ಕಾ,

ಅತ್ತಳು! ವಾರ್ಡಿನವರೆಲ್ಲ ತಿರುಗಿ ನೋಡಬೇಕು, ಹಾಗೆ. ಈಗ ಮನೆಗೆ ಬಂದಿದಾಳೆ.

ಆ ರಿಸೀವರನ್ನು ಮಾರಬೇಡ. ಸೆಟ್ಟಿಂಗಿನಲ್ಲಿ ಮೋನೊ ಅಂತ ಒಂದಿದೆ, ಅದನ್ನು ಹಾಕು. ಎಡದ್ದು ಬಲದ್ದು ಎಲ್ಲ ಸೇರಿ ಎರಡೂ ಡಬ್ಬದಿಂದ ಒಂದೇ ಸದ್ದು ಬರುತ್ತೆ, ಯಾವ ಮಾತೂ ತಪ್ಪಿಹೋಗಲ್ಲ. ಎರಡು ಡಬ್ಬವನ್ನೂ ಬಲಕ್ಕೇ ಎಳ್ಕೊ.

ಪಾಠ ಹೇಳೋ ಕೆಲಸಕ್ಕೆ ಹೂಂ ಅನ್ನು. ನಡೆಯೋ ಹಾಗೆ ಆದ ದಿನ ಬಾ, ಕೂಸನ್ನ ನೋಡು.

ಗುಬ್ಬಿ


ಡಿಸೆಂಬರ್ ೧೮

ಗುಬ್ಬೀ,

ಕ್ಷೇಮವಾಗಿ ಬಂದು ಸೇರಿದೆ. ಪ್ರಯಾಣಿಕಳಾಗಿ ಕೂತು ಬರೋದು ಎಷ್ಟು ಕಷ್ಟ! ದಾರಿಯುದ್ದಕ್ಕೂ ಬಲಗಾಲು ಬ್ರೇಕ್ ಒತ್ತುತ್ತಲೇ ಇತ್ತು.

ನಿಮ್ಮ ಮನೆಯಲ್ಲಿ ಇದ್ದಾಗ ಹೇಳದ ಒಂದು ಸಂಗತಿ ಇದೆ. ಆವತ್ತು ಮಧ್ಯಾಹ್ನ ನೀನು ಔಷಧಿ ತರೋಕೆ ಹೋಗಿದ್ದೆ, ಅವಳು ಮಹಡಿ ಮೇಲೆ ಬಟ್ಟೆ ಒಣಹಾಕ್ತಿದ್ಲು. ನಾನು ಕುರ್ಚಿಯಲ್ಲಿ ತೂಕಡಿಸ್ತಿದ್ದೆ, ಅವಳು ಕೂಸನ್ನ ಎಲ್ಲಿ ಮಲಗಿಸಿ ಹೋದ್ಲೋ ನೋಡಿರಲಿಲ್ಲ. ಕೂಸು ಅಳೋದು ಕೇಳಿಸ್ತು. ಎಲ್ಲಿಂದ ಅಂತ ಗೊತ್ತಾಗಲಿಲ್ಲ. ಒಂದೇ ಕಿವಿ ಇದ್ದವರಿಗೆ ಸದ್ದು ಕೇಳಿಸುತ್ತೆ, ದಿಕ್ಕು ಕೇಳಿಸಲ್ಲ ಕಣೋ. ಅಡುಗೆಮನೆಗೆ ಓಡಿದೆ. ಇಲ್ಲ. ಬಚ್ಚಲು, ಹೊರಬಾಗಿಲು, ಮೆಟ್ಟಿಲು. ಅಳು ಎಲ್ಲ ಕಡೆಯೂ ಇತ್ತು, ಎಲ್ಲೂ ಇರಲಿಲ್ಲ. ಯಾರೋ ಎತ್ಕೊಂಡು ಹೋಗ್ತಿದಾರೆ ಅನಿಸ್ತು. ತಲೆಬುರುಡೆ ತೆರೆದ ದಿನ ಕೂಡ ನಾನು ಅಷ್ಟು ಹೆದರಿರಲಿಲ್ಲ. ಗೋಡೆ ಹಿಡ್ಕೊಂಡು ಒಂದೊಂದೇ ಕೋಣೆಗೆ ಹೋಗಿ ಕಣ್ಣಲ್ಲಿ ಹುಡುಕಿದೆ. ಕೊನೆಗೆ ನೋಡಿದ್ರೆ ನಾನು ಎದ್ದು ಹೋದ ಕುರ್ಚಿ ಹಿಂದೆಯೇ, ತೊಟ್ಟಿಲಲ್ಲಿ, ಮುಷ್ಟಿ ಬಿಗಿ ಹಿಡಿದು ಕೆಂಪಗಾಗಿದ್ಲು.

ಎತ್ಕೊಂಡು ಎಡಭುಜಕ್ಕೆ ಹಾಕ್ಕೊಂಡೆ. ಸತ್ತ ಕಿವಿಗೇ ಬಾಯಿಟ್ಟು ಅರಚಿದಳು. ಬಲಗಿವಿಗೆ ದೂರದ ಮನೆಯಲ್ಲಿ ಯಾರೋ ಅತ್ತ ಹಾಗಿತ್ತು, ಆದ್ರೆ ದವಡೆಯ ಮೂಳೆ ಝುಮ್ ಅಂತಿತ್ತು, ಕತ್ತು ಬೆಚ್ಚಗಾಗಿ ಒದ್ದೆಯಾಯ್ತು. ನಿನ್ನ ಹೆಂಡತಿ ಎರಡೂ ಕಿವಿ ಮುಚ್ಕೊಂಡು ಮೆಟ್ಟಿಲಿಳಿದು ಓಡಿಬಂದ್ಲು. "ಕೊಡಿ ಅತ್ತಿಗೆ, ಕಿವಿ ತೂತಾಗುತ್ತೆ" ಅಂದ್ಲು.

ಕೊಡಲಿಲ್ಲ. ಅತ್ತೂ ಅತ್ತೂ ಸುಸ್ತಾಗಿ ಕೂಸು ಅಲ್ಲೇ ನಿದ್ದೆ ಹೋಗೋವರೆಗೆ ಹಾಗೇ ನಿಂತಿದ್ದೆ.

ಅಕ್ಕ